ಅತ್ತಿಯ ಹೊಸ್ತಿಲಿಗೆ ಗಾಲಿ ಹಚ್ಚಿದ್ದು

ನಮ್ಮ ಮನಿಯೊಳಗ ಒಂದು ಕೆಲಸ ಸುಮ್ಮನ ಶುರುವಾಗಿ ಸುಮ್ಮನ ಮುಗಿದದ್ದನ್ನ ನಾ ಸೊಸಿಯಾಗಿ ಬಂದಾಗಿನಿಂದ ಕಂಡಿಲ್ಲ. ಉಪ್ಪಿನಕಾಯಿ ಹಾಕಾಕ ಕುಂತರೂ ಓಣಿ ಮಂದಿ ಹೊಟ್ಟಿ ಹಿಡಕೊಂಡು ನಗುವಂಥದ್ದು ಏನೋ ಒಂದು ಆಗೇ ಆಗತಿತ್ತು. ಅಂಥಾ ಮನಿಯವರು ನಾವು, ನಿಜಾಮನ ಕಾಲದಾಗ, ಪೆಟ್ರೋಲು ಕಣ್ಣಿಗೆ ಬೀಳದ ಯುದ್ಧದ ದಿನದಾಗ, ಒಂದು ಮುದಿ ಬಸ್ಸನ್ನ ಮನಿ ಮಾಡಿಕೊಂಡು ಹನ್ನೊಂದು ಮಂದಿ ಊರು ಬಿಟ್ಟಿವಿ ಅಂದಮ್ಯಾಲ ಕೇಳಬೇಕಾ? ನೆನಪಾದಷ್ಟು ಹೇಳತೀನಿ.

೧. ಮಾತು ಕೊಟ್ಟಿದ್ದು ಹೊಸ್ತಿಲಕ್ಕ

ನಮ್ಮತ್ತಿ ಸಿಂಧನೂರಿನ ಮನಿ ಬಿಟ್ಟು ಹದಿನೆಂಟು ವರ್ಷ ಎಲ್ಲೂ ಒಂದು ರಾತ್ರಿ ಉಳಿದಿರಲಿಲ್ಲ. ಆಕಿಯ ಅತ್ತಿ ಸಾಯೋ ಮುಂದ ಕೈ ಹಿಡಿದು ಮಾತು ತಗೊಂಡಿದ್ದಳು: "ಈ ಹೊಸ್ತಿಲಾ ಬಿಟ್ಟು ಹೊರಗ ಒಂದು ರಾತ್ರಿ ಮಲಗಬಾರದು, ಈ ಹೊಸ್ತಿಲದ ಹೊರಗ ಒಂದು ತುತ್ತು ಉಣ್ಣಬಾರದು." ಸಾಯುವಾಕಿ ಹೇಳಿ ಸತ್ತಳು. ಇರುವಾಕಿ ಹಿಡಕೊಂಡು ಕುಂತಳು. ಮದುವಿಗೆ ಕರದರೂ ಅಷ್ಟ, ಮಣ್ಣಿಗೆ ಕರದರೂ ಅಷ್ಟ. ಹೋಗಿ, ನಿಂತು, ಹೊತ್ತು ಮುಳುಗೋದ್ರೊಳಗ ಉಪವಾಸ ವಾಪಸು.

ನಮ್ಮತ್ತಿಗೆ ಇದ್ದಾಕಿ ಒಬ್ಬಳೇ ತಂಗಿ. ಲಿಂಗಸುಗೂರು ದಾಟಿ, ನಿಜಾಮನ ಹದ್ದು ದಾಟಿ, ಇಂಗ್ರೇಜರ ಹದ್ದಿನೊಳಗ ಹುನಗುಂದದ ಕಡಿ ಒಂದು ಹಳ್ಳಿಗೆ ಕೊಟ್ಟಿದ್ದರು. ಒಂದು ದಿನ ಬಳಿಗಾರ ಬಂದು ಕಟ್ಟಿ ಮ್ಯಾಲ ಮಲಾರ ಇಳಿಸಿ, "ಅವ್ವಾರ, ನಿಮ್ಮ ತಂಗಿ ಕಣ್ಣು ಮಂಜಾಗ್ಯಾವ. ಪೂರಾ ಕತ್ತಲಾಗೋದ್ರೊಳಗ ನಮ್ಮಕ್ಕನ ಮಾರಿ ಒಮ್ಮೆ ನೋಡಬೇಕು ಅಂತ ಹೇಳಿ ಕಳಿಸ್ಯಾಳ" ಅಂದ.

ಅಂದು ಅತ್ತಿ ರೊಟ್ಟಿಗೆ ಎರಡು ಸಲ ಉಪ್ಪು ಹಾಕಿದಳು.

ಮೂರು ದಿನ ಆದಮ್ಯಾಲ ನಮ್ಮ ಮನಿಯವರು, ಅಂದರ ನನ್ನ ಗಂಡ, ಅತ್ತಿಯ ಮುಂದ ಕುಕ್ಕರಗಾಲಿಲೆ ಕುಂತು, "ಯವ್ವಾ, ನೀ ಮಾತು ಕೊಟ್ಟಿದ್ದು ಗ್ವಾಡಿಗೇನು, ಹೊಸ್ತಿಲಕ್ಕೇನು?" ಅಂತ ಕೇಳಿದರು.

"ಹೊಸ್ತಿಲಕ್ಕ."

"ಹಂಗಾರ ಹೊಸ್ತಿಲಾ ತಗೊಂಡೇ ಹೋಗೋಣ."

ಜೋಳದ ವ್ಯಾಪಾರಕ್ಕ ಅಂತ ಲಿಂಗಸುಗೂರಿಗೆ ಹೋದವರು ಹರಾಜಿನಾಗ ಒಂದು ಸವಾರಿ ಬಸ್ಸು ಹಿಡಕೊಂಡು ಬಂದರು. ಇದ್ದಿಲಿನಿಂದ ಓಡೋ ಬಸ್ಸು ಅದು. ಹಿಂದಕ್ಕ ಆಳೆತ್ತರದ ಒಂದು ಕಬ್ಬಿಣದ ಡ್ರಮ್ಮು, ಅದರ ಬುಡಕ್ಕ ಬೆಂಕಿ. ಮೊದಲು ಅದನ್ನ ಓಡಸತಿದ್ದ ಡ್ರೈವರ್ ಸಾಬನೂ ಅದರ ಜೊತಿಗೇ ಬಂದ. ಬಸ್ಸು ಯಾವಾಗ ಸಿಟ್ಟಿಗೇಳತೈತಿ ಅನ್ನೋದು ಅವಗ ಒಬ್ಬಗೇ ಗೊತ್ತಿತ್ತು.

ಬಡಿಗ್ಯಾ ಬಂದು ಸೀಟೆಲ್ಲಾ ಕಿತ್ತು ಹಲಗಿ ಹಾಸಿದ. ಮುಂದ ದೇವರ ಜಗಲಿ, ನಡುವ ಮಣ್ಣಿನ ಒಲಿ, ಅದರ ಮಗ್ಗಲಕ್ಕ ಅತ್ತಿಯ ತವರುಮನಿಯ ಬೀಸೋಕಲ್ಲು, ಹಿಂದ ಕೌದಿ ಹಾಸಿಕೊಂಡು ಮಲಗಾಕ ಜಾಗ. ಮ್ಯಾಲ ಕಬ್ಬಿಣದ ಸಳಿಗೆ ನೆಲುವು ಕಟ್ಟಿ ಹಾಲು ಮೊಸರಿನ ಗಡಿಗಿ ತೂಗಬಿಟ್ಟಿವಿ. ಕಡೀಕ ನಮ್ಮ ತಲಬಾಗಿಲಿನ ಹೊಸ್ತಿಲನ್ನ ಮೀಟಿ ತಗದು, ಬಸ್ಸಿನ ಬಾಗಿಲಿಗೆ ಕುಂಡರಿಸಿ ಮೊಳಿ ಹೊಡದ. ಅತ್ತಿ ಅದಕ್ಕ ಅರಿಷಿಣ ಕುಂಕುಮ ಹಚ್ಚಿ, ಹಾಲು ಉಕ್ಕಿಸಿ, ಬಲಗಾಲಿಟ್ಟು ಒಳಗ ಹೋದಳು.

ನಮ್ಮ ಮಾವನವರು ಕಟ್ಟಿ ಮ್ಯಾಲ ಕುಂತು ಎಲ್ಲಾ ನೋಡಿದರು. ಹೊಸ್ತಿಲಿದ್ದ ಜಾಗದಾಗ ಬೋಳು ಮಣ್ಣು. ಬಾಜೂ ಮನಿ ಎಮ್ಮಿಕರ ಆಗಲೇ ಒಳಗ ಹೋಗಿ ಹೊರಗ ಬಂದಿತ್ತು.

"ಅಲ್ಲಬೇ, ಮನಿ ನೀವು ಒಯ್ಯಾಕತ್ತೀರಿ. ನಾ ಎಲ್ಲಿರ್ಲಿ?"

ಅತ್ತಿ ಬಸ್ಸಿನೊಳಗಿಂದಲೇ ಅಂದಳು: "ಕಟ್ಟಿ ಮ್ಯಾಲೇ ಇರ್ರಿ. ಮದುವಿ ಆದಾಗಿಂದ ಅಲ್ಲೇ ಅದೀರಿ, ಹೊಸಾದೇನು?"

೨. ದಕ್ಷಿಣಕ್ಕ ಬಂದ ಬಾಗಿಲು

ನಮ್ಮ ಮನಿ ಮುಂದ ನಿಂತಾಗ ಬಸ್ಸಿನ ಬಾಗಿಲು ಮೂಡಣಕ್ಕಿತ್ತು. ಅತ್ತಿ ಅದನ್ನ ನೋಡಿಯೇ ಒಪ್ಪಿದ್ದು. ಓಣಿಯ ಹೆಣ್ಣುಮಕ್ಕಳು, ಗಂಡಸರು, ಬೇಕಾದೀತು ಅಂತ ಬಡಿಗ್ಯಾನೂ ಸೇರಿ ಹನ್ನೊಂದು ಮಂದಿ ಹತ್ತಿ ಕುಂತಿವಿ. ಡ್ರೈವರ್ ಸಾಬ ಬೆಂಕಿ ಊದಿ, ಹಿಡಿಕಿ ತಿರುವಿ, ಹೊಂಡಿಸಿದ. ಓಣಿ ದಾಟಿ ಮಸ್ಕಿ ದಾರಿಗೆ ಹೊಳ್ಳಿದ್ದೇ ತಡ, ಅತ್ತಿ ಬಾಗಿಲದಿಂದ ಹೊರಗ ಹಣಿಕಿ ಹಾಕಿ ಸೂರ್ಯನ್ನ ನೋಡಿದಳು.

"ನಿಂದರಸ್ರಿ! ಸಾಬರ, ನಿಂದರಸ್ರಿ! ನನ್ನ ಬಾಗಿಲಾ ದಕ್ಷಿಣಕ್ಕ ಹೊಳ್ಳೈತಿ!"

"ಅಮ್ಮಾ, ನಾವು ಪಡುವಲಕ್ಕ ಹೊಂಟೀವಿ. ಬಾಗಿಲಾ ಎಡಕ್ಕೈತಿ. ದಕ್ಷಿಣಕ್ಕೇ ಬರಬೇಕಲ್ಲ?"

"ದಕ್ಷಿಣದ ಬಾಗಿಲದ ಮನಿಯಾಗ ನಾ ಒಂದು ಗಳಿಗಿ ಇರಂಗಿಲ್ಲ. ನಮ್ಮ ವಂಶಕ್ಕ ಆಗಿ ಬಂದಿಲ್ಲ."

"ಲಿಂಗಸುಗೂರು ಇರೋದೇ ಆ ಕಡಿ, ಅಮ್ಮಾ. ನಾ ಎತ್ತಿ ಈ ಕಡಿ ಇಡ್ಲೇನು?"

ನಮ್ಮ ಮನಿಯವರು ತಲಿ ಕೆರಕೊಂಡು ಒಂದು ಉಪಾಯ ಹೇಳಿದರು. ಬಸ್ಸಿನ ಮೂತಿ ಮೂಡಣಕ್ಕ ಇಟ್ಟು ಹಿಂದ ಹಿಂದ ಹೋದರ ಬಾಗಿಲು ಉತ್ತರಕ್ಕ ಬರತೈತಿ, ಊರೂ ಬರತೈತಿ. ಡ್ರೈವರ್ ಸಾಬ ಅವರ ಮಾರಿ ನೋಡಿದ, ಆಕಾಶ ನೋಡಿದ, ತಿರುವಿ ನಿಲ್ಲಿಸಿ ಹಿಂದಕ್ಕ ಬಿಟ್ಟ. ಹಿಂದಿನ ಡ್ರಮ್ಮು ಹೊಗಿ ಉಗುಳಿಕೊಂತ ಮುಂದ, ನಾವು ಮೂತಿ ಹಿಂದ ಮಾಡಿಕೊಂಡು ಹಿಂದ. ಗೊರೇಬಾಳದ ಚಕ್ಕಡಿಯವರು ಎತ್ತು ಬೆದರ್ಯಾವು ಅಂತ ಹೊಲಕ್ಕಿಳಿದರು. ದಾರಿ ಮಗ್ಗಲದಾಗ ಬಸ್ಸಿಗೆ ಅಂತ ಗಂಟು ಹಿಡಕೊಂಡು ನಿಂತವನೊಬ್ಬ ಕೂಗಿ ಕೇಳಿದ:

"ಯಣ್ಣಾ, ಗಾಡಿ ಹೋಗಾಕತ್ತೈತೋ, ಬರಾಕತ್ತೈತೋ?"

ಡ್ರೈವರ್ ಸಾಬ ಕತ್ತು ಹಿಂದಕ್ಕ ಹೊಳ್ಳಿಸಿಕೊಂಡೇ ಅಂದ: "ಅಮ್ಮನ್ನ ಕೇಳು."

ಅರ್ಧ ಮೈಲಿಗೆ ಸಾಬನ ಕತ್ತು ಹಿಡಕೊಂತು. ವಾಪಸು ಬಂದು, ಬಡಿಗ್ಯಾ ಬಸ್ಸಿನ ಬಲಕ್ಕ ಹೊಸಾ ಬಾಗಿಲು ಕೊರದು, ಹೊಸ್ತಿಲನ್ನ ಎಡದಿಂದ ಕಿತ್ತು ಬಲಕ್ಕ ಹಚ್ಚಿದ. ಎಡಗಡಿ ಬಾಗಿಲಿಗೆ ಹಲಗಿ ಬಡದ. ಎರಡು ದಿನ ಹಿಡೀತು. ಈಗ ಪಡುವಲಕ್ಕ ಹೋದರೂ ಬಾಗಿಲು ಉತ್ತರಕ್ಕ. ಅತ್ತಿ ಸಮಾಧಾನ ಆದಳು. ಬಡಿಗ್ಯಾ ಮಾತ್ರ ಉಳಿ ಸುತ್ತಿಗಿ ಕೆಳಗಿಡದ, "ಬರೋ ಮುಂದ ಬಲಗಡಿ ಬಾಗಿಲಾ ದಕ್ಷಿಣಕ್ಕ ಬರತೈತಲ್ರೀ?" ಅಂತ ನನ್ನ ಕಿವಿಯಾಗ ಕೇಳಿದ.

"ಬಾಯಿ ಮುಚ್ಚಿಕೊಂಡು ಕುಂದರಪಾ," ಅಂದೆ. "ಮೊದಲು ಹೋಗೋಣು."

೩. ಏಳು ಮೈಲಿಯ ರೊಟ್ಟಿ

ಮಸ್ಕಿಯ ಗುಡ್ಡ ಕಾಣೋ ಹೊತ್ತಿಗೆ ನೆಲುವಿನ ಗಡಿಗಿಯೊಳಗಿನ ಮೊಸರು ಕಡಗೋಲಿಲ್ಲದ ಬೆಣ್ಣಿಯಾಗಿತ್ತು. ದಾರಿ ಹಂಗಿತ್ತು. ಬೆಣ್ಣಿ ನೋಡಿದಮ್ಯಾಲ ಯಾರಿಗೆ ಹಸಿವಾಗಂಗಿಲ್ಲ? ಗಿಡದ ನೆರಳಿಗೆ ಬಸ್ಸು ನಿಲ್ಲಿಸಿ ಗಂಡಸರು ನೀರು ತರಾಕ ಹೋದರು. ನಾನು ಅತ್ತಿ ಅಡಿಗಿಗೆ ಕುಂತಿವಿ. ನೋಡಿದರ ಕಟಿಗಿ ಹಸಿ. ಊದಿ ಊದಿ ನನ್ನ ಕಣ್ಣು ಕೆಂಪಾದವು.

ಅತ್ತಿ ಹಿಂದಕ್ಕ ಹೋಗಿ ಡ್ರಮ್ಮಿನ ಬುಡದ ಬಾಗಿಲು ತಗದು ನೋಡಿದಳು. ಕೆಂಡ ನಿಗಿ ನಿಗಿ ಅನ್ನಾಕತ್ತಿದ್ದವು.

"ಇಂಥಾ ಬೆಂಕಿ ಇಲ್ಲಿಟಗೊಂಡು ನೀ ಅಲ್ಲಿ ಊದಾಕತ್ತೀಯಲ್ಲಬೇ! ಒಂದು ಮನಿಗೆ ಎರಡು ಒಲಿ ಯಾಕ?"

ಸಲಿಕಿಲೆ ಬಾಚಿ ಬಾಚಿ ತಂದಿವಿ. ಇಪ್ಪತ್ತು ರೊಟ್ಟಿ ಸುಟ್ಟಿವಿ. ಬದನಿಕಾಯಿ ಸುಟ್ಟಿವಿ. ಅಂಥಾ ರೊಟ್ಟಿ ಮನಿ ಒಲಿ ಮ್ಯಾಲೂ ಉಬ್ಬಿರಲಿಲ್ಲ. ಎಲ್ಲರೂ ಉಂಡು, ಕೈ ತೊಳಕೊಂಡು, "ನಡೀರಿ ಸಾಬರ" ಅಂದರು. ಸಾಬ ಹಿಡಿಕಿ ತಿರುವಿದ. ಬಸ್ಸು ಒಮ್ಮೆ ಕೆಮ್ಮಿತು, ಸುಮ್ಮನಾತು. ಮತ್ತ ತಿರುವಿದ. ಕೆಮ್ಮಲೂ ಇಲ್ಲ. ಇಂಜಿನ್ನಿನ ಮುಚ್ಚಳ ತಗದ, ಹಾಕಿದ. ಬಸ್ಸಿನ ಕೆಳಗ ಹೊಕ್ಕ, ಹೊರಗ ಬಂದ. ಅದಕ್ಕ ಏನೇನೋ ಬೇಡಿಕೊಂಡ. ಕಡೀಕ ಹಿಂದ ಹೋಗಿ ಡ್ರಮ್ಮಿನ ಬಾಗಿಲು ತಗದ. ಒಳಗ ಬರೀ ಬೂದಿ.

"ಬೆಂಕಿ ಎಲ್ಲಿ ಹೋತು?"

ಸಾಬ ಒಳಗ ಬಂದು ನಮ್ಮ ಒಲಿ ನೋಡಿದ, ಹೆಂಚು ನೋಡಿದ, ಅತ್ತಿಯ ಮಾರಿ ನೋಡಿದ. ಅತ್ತಿ ಅವನ ಕೈಯಾಗ ಇನ್ನೊಂದು ರೊಟ್ಟಿ ಇಟ್ಟು, ಮ್ಯಾಲ ಬೆಣ್ಣಿ ಹಚ್ಚಿದಳು. ಸಾಬ ಒಂದು ತುತ್ತು ಮುರಿದು ಬಾಯಾಗ ಹಾಕಿಕೊಂಡು, ಕಣ್ಣು ಮುಚ್ಚಿ ಅಗದು ಹೇಳಿದ:

"ರೊಟ್ಟಿ ಛಲೋ ಆಗೈತಿ ಅಮ್ಮಾ. ಆದರ ಇದು ಏಳು ಮೈಲಿ ಹೋಗಬೇಕಾಗಿತ್ತು."

೪. ಸಂತೆಕಲ್ಲೂರಿನ ಅಜ್ಜ

ಬಸ್ಸನ್ನ ಒಳಗ ಪೂರಾ ಮನಿ ಮಾಡಿದ್ದಿವಿ, ಹೊರಗ ಮುಟ್ಟಿರಲಿಲ್ಲ. ನೆತ್ತಿ ಮ್ಯಾಲಿನ ಹಲಗಿಯಾಗ ಉರ್ದುವಿನಾಗ ಏನೋ ಬರದಿತ್ತು. ನಮ್ಮಾಗ ಓದಾಕ ಬರತಿದ್ದದ್ದು ಯಾರಿಗೆ? ಅದು "ಸಿಂಧನೂರು–ಲಿಂಗಸುಗೂರು" ಅಂತ ಇತ್ತಂತ. ಹಿಂಗಾಗಿ, ಮತ್ತ ಇದ್ದಿಲು ತುಂಬಿ ಬೆಂಕಿ ಹಚ್ಚಿ ಹೊಂಟವರು ಮಸ್ಕಿಯೊಳಗ ಒಂದು ಗಳಿಗಿ ನಿಂತಿದ್ದೇ ತಡ, ಒಬ್ಬ ಅಜ್ಜ ಹೆಗಲ ಮ್ಯಾಲ ತೊಗರಿ ಗಂಟು ಇಟಗೊಂಡು ಹತ್ತಿ ಒಳಗ ಬಂದ.

ಸಂತೆಕಲ್ಲೂರಿನವನು, ಲಿಂಗಸುಗೂರಿಗೆ ಹೊಂಟಿದ್ದ. ಸೀಟು ಹುಡುಕಿದ, ಇರಲಿಲ್ಲ. ದೇವರ ಜಗಲಿ ಕಂಡು ಕೈ ಮುಗಿದ. ಆಮ್ಯಾಲ ಕೌದಿ ಮ್ಯಾಲ ಕುಂತ. ನಾನು "ಯಜ್ಜಾ, ಇದು ಸವಾರಿ ಗಾಡಿ ಅಲ್ಲ" ಅನ್ನಾಕ ಬಾಯಿ ತಗದೆ. ಅತ್ತಿ ನನ್ನ ತೊಡಿ ಚಿವುಟಿದಳು.

"ಹೊಸ್ತಿಲಾ ದಾಟಿ ಒಳಗ ಬಂದವರನ್ನ ಇಳಿ ಅಂತಾರೇನಬೇ? ನೀರು ಕೊಡು."

ನೀರು ಕೊಟ್ಟೆ, ಬೆಲ್ಲ ಕೊಟ್ಟೆ. ಮುಂದಿನ ಹಳ್ಳಿಯಾಗ ಇನ್ನಿಬ್ಬರು ಕೈ ಮಾಡಿ ಹತ್ತಿದರು, ಅವರಿಗೂ ಕೊಟ್ಟೆ. ಆಮ್ಯಾಲ ಒಬ್ಬಾಕಿ ಕೋಳಿ ಬುಟ್ಟಿ ಸಮೇತ. ಲಿಂಗಸುಗೂರು ಮುಟ್ಟೋದ್ರೊಳಗ ಬೆಲ್ಲದ ಡಬ್ಬಿ ತಳ ಕಂಡಿತು, ನಮ್ಮ ಮನಿಯವರು ಫುಟಬೋರ್ಡಿನ ಮ್ಯಾಲ ಜೋತು ಬಿದ್ದಿದ್ದರು. ಅಜ್ಜ ಮಾತ್ರ ಎರಡು ರೊಟ್ಟಿ ಉಂಡು, ಅತ್ತಿಯ ಕೌದಿ ಹೊದ್ದು, ಗೊರಕಿ ಹೊಡಕೊಂತ ಬಂದ.

ಊರು ಬಂದು ಹತ್ತಿದವರೆಲ್ಲಾ ಇಳಿದಮ್ಯಾಲ ಎದ್ದು, ಗಂಟು ಹೊತ್ತು ಇಳಿದು, ನಮ್ಮ ಮನಿಯವರನ್ನ ಕಂಡಕ್ಟರ್ ಅಂತ ತಿಳಕೊಂಡು ಹೇಳಿದ: "ನಿಮ್ಮ ಗಾಡಿ ಮೊದಲಿಗಿಂತ ಭಾಳ ಸುಧಾರಿಸೈತಪಾ. ಬದನಿಕಾಯಿಗೆ ಒಂದೀಟು ಉಪ್ಪು ಕಡಿಮಿ ಆಗಿತ್ತು, ಮ್ಯಾಲಿನವರಿಗೆ ತಿಳಸು."

೫. ನಾಕಾದ ಮುನ್ಷಿ

ಲಿಂಗಸುಗೂರು ದಾಟಿ ಹದ್ದಿನ ಸುಂಕದ ನಾಕಾ. ಆ ಕಡಿ ಈ ಕಡಿ ಹೋಗೋ ಸಾಮಾನಿಗೆಲ್ಲಾ ಅಲ್ಲಿ ಲೆಕ್ಕ. ಮುನ್ಷಿ ಸಾಹೇಬರು ಬಂದು ಬಾಗಿಲದಾಗ ನಿಂತು ಒಳಗ ನೋಡಿದರು. ನೆಲುವು, ಒಲಿ, ಬೀಸೋಕಲ್ಲು, ಒಣಹಾಕಿದ ಸೀರಿ.

"ಇದು ಮೋಟಾರೋ, ಮನಿಯೋ?"

"ಮನಿ" ಅಂದಳು ಅತ್ತಿ. "ಮೋಟಾರು" ಅಂದ ಸಾಬ. ಇಬ್ಬರೂ ಒಮ್ಮೆಲೇ.

ಮುನ್ಷಿಯವರು ಚಷ್ಮಾ ತಗದು ಒರೆಸಿಕೊಂಡರು. "ಮೋಟಾರಿಗೆ ಒಂದು ಕಿತಾಬೈತಿ. ಸಾಮಾನಿಗೆ ಒಂದು ಕಿತಾಬೈತಿ. ಸರ್ಕಾರದ ಹದ್ದಿನಾಗಿನ ಮನಿ ಹದ್ದು ದಾಟಿ ಹೋಗೋದಕ್ಕ ಕಿತಾಬೇ ಇಲ್ಲ."

"ಅದಿರ್ಲಿ ಸಾಹೇಬ್ರ," ಅತ್ತಿ ಅಂದಳು, "ಹೊಸ್ತಿಲದ ಮ್ಯಾಲ ಬೂಟುಗಾಲಿಟ್ಟೀರಿ. ಒಳಗರ ಬರ್ರಿ, ಹೊರಗರ ನಿಂದರ್ರಿ."

ಮುನ್ಷಿಯವರು ಗಾಬರಿಯಾಗಿ ಕಾಲು ತಗದರು. ಬೂಟು ಬಿಚ್ಚಿ ಒಳಗ ಬಂದು ಕುಂತರು. ನೀರು ಕೊಟ್ಟಿವಿ; ಬೆಲ್ಲ ದಾರಿಯಾಗ ಹತ್ತಿದವರಿಗೇ ಮುಗಿದಿತ್ತು, ಅದಕ್ಕ ಬೆಣ್ಣಿ ರೊಟ್ಟಿ ಕೊಟ್ಟಿವಿ. ಉಂಡ ಮನಿಯನ್ನ ಹುಡುಕಿ ಕೆದರಿ ಝಡತಿ ಮಾಡೋದು ಹೆಂಗ? ನಾಚಿಕೊಂಡು ಸಾಮಾನಿನ ಪಟ್ಟಿ ಬರಕೊಂಡರು: ನೆಲುವು ಎರಡು, ಬೀಸೋಕಲ್ಲು ಒಂದು, ಹೊಸ್ತಿಲು ಒಂದು, ಮಂದಿ ಹನ್ನೊಂದು.

"ಹಳೇ ಸಾಮಾನಿಗೆ ಸುಂಕ ಇಲ್ಲ," ಅಂದರು ಏಳುವಾಗ. "ಬರುವಾಗ ಈ ಪಟ್ಟಿ ಹಚ್ಚಿ ನೋಡತೀನಿ. ಹೊಸಾದು ಏನರ ಒಂದು ಹೆಚ್ಚಾಗಿತ್ತಂದರ ಬಿಡಂಗಿಲ್ಲ." ಅಷ್ಟು ಗದರಿಸಿ, ತಮ್ಮ ಬೂಟು ಬಾಗಿಲದಾಗೇ ಬಿಟ್ಟು ಬರಿಗಾಲಿಲೆ ನಡದು ಹೋದರು.

೬. ಮನಿ ತಗೊಂಡು ಹೋದಾಕಿ

ತಂಗಿಯ ಊರು ಮುಟ್ಟಿದಿವಿ. ಬಸ್ಸು ಬಂದದ್ದು ನೋಡಿ ಊರೇ ನೆರೀತು. ತಂಗಿ ಗ್ವಾಡಿ ಹಿಡಕೊಂತ ಕಟ್ಟಿಗೆ ಬಂದಳು. "ಅಕ್ಕಾ, ಒಳಗ ಬಾ, ಕಾಲು ತೊಳಕೋ. ಹೋಳಿಗಿ ಮಾಡೀನಿ" ಅಂದಳು.

ಅತ್ತಿ ಬಸ್ಸಿನ ಬಾಗಿಲದಾಗ ನಿಂತಳು. ಬರುವಂಗಿಲ್ಲ. ಬಂದರೂ ಉಣ್ಣುವಂಗಿಲ್ಲ. "ನೀನ ಬಾರಬೇ ಇಲ್ಲಿ. ನನ್ನ ಮನಿ ತಂದೀನಿ, ಇಲ್ಲೇ ಉಣ್ಣು" ಅಂದಳು.

"ನನ್ನ ಊರಿಗೆ ಬಂದು ನನ್ನ ಕೈಯಾಗಿಂದು ಉಣ್ಣದಾಕಿ ಮನಿಗೆ ನಾ ಯಾಕ ಬರ್ಲಿ? ನಾನೂ ನಮ್ಮಪ್ಪನ ಮಗಳ ಅದೀನಿ."

ಹದಿನೆಂಟು ವರ್ಷದ ಮ್ಯಾಲ ಬಂದೀವಿ, ನಡುವ ಹತ್ತು ಮಾರು ದಾರಿ. ಈಕಿ ಇಳಿಯಂಗಿಲ್ಲ, ಆಕಿ ಹತ್ತಂಗಿಲ್ಲ. ತಂಗಿ ಕಣ್ಣಿನ ಮ್ಯಾಲ ಕೈ ಅಡ್ಡ ಇಟ್ಟುಕೊಂಡು ಬಸ್ಸಿನ ಕಡಿ ನೋಡಾಕತ್ತಿದ್ದಳು. ಅಲ್ಲೇನಾದರೂ ಆಕಿಗೆ ಕಾಣತಿತ್ತೋ ಇಲ್ಲೋ.

ಬಡಿಗ್ಯಾ ಅಂದ: "ಬಸ್ಸು ತಿರುವಿ ಕಟ್ಟಿಗೆ ಹಚ್ಚಿ ನಿಲ್ಲಿಸಿದರ ಹೊಸ್ತಿಲಕ್ಕ ಹೊಸ್ತಿಲಾ ಕೂಡತೈತಿ. ಇವರು ಇವರ ಮನಿಯಾಗ, ಅವರು ಅವರ ಮನಿಯಾಗ. ಅಲ್ಲೇ ಕುಂತು ಉಣ್ಣಲಿ." ಆಮ್ಯಾಲ ನಾಲಿಗಿ ಕಚ್ಚಿಕೊಂಡ. ತಂಗಿಯ ಮನಿ ಬಾಗಿಲು ಉತ್ತರಕ್ಕಿತ್ತು. ಅದಕ್ಕ ಎದುರು ಹಚ್ಚಿದರ ನಮ್ಮ ಬಾಗಿಲು ನೆಟ್ಟಗ ದಕ್ಷಿಣಕ್ಕ.

ಸಾಬ ತನ್ನ ಕತ್ತು ಮುಟ್ಟಿಕೊಂಡ. ಅತ್ತಿ ಸೂರ್ಯನ್ನ ನೋಡಿದಳು, ತಂಗಿಯನ್ನ ನೋಡಿದಳು.

"ತಿರುವ್ರಿ ಸಾಬರ."

"ಅಮ್ಮಾ, ದಕ್ಷಿಣಕ್ಕ ಬರತೈತಿ."

"ಅದ್ಯಾವ ದಕ್ಷಿಣ? ಅದು ನನ್ನ ತಂಗಿ ಮನಿ."

ಬಾಗಿಲಿಗೆ ಬಾಗಿಲು ಕೂಡಿತು. ಅವರ ಕಟ್ಟಿಯ ಎತ್ತರಕ್ಕ ನಮ್ಮ ಹಲಗಿ ಸರಿಯಾಗಿ ಕುಂತಿತು. ತಂಗಿ ತನ್ನ ಹೊಸ್ತಿಲದ ಮಗ್ಗಲಕ್ಕ ಕುಂತು ಕೈ ಚಾಚಿ ಅಕ್ಕನ ಮಾರಿ ಸವರಿದಳು. ಹಣಿ, ಗಲ್ಲ, ಗದ್ದ.

"ಮುದುಕಿ ಆಗೀಯಲ್ಲಬೇ."

"ಕಣ್ಣು ಕಾಣಂಗಿಲ್ಲ ಅಂದಿದ್ದಿ?"

"ನಿನ್ನ ಸುಕ್ಕು ನೋಡಾಕ ಕಣ್ಣ ಬೇಕೇನು? ಕೈಗೂ ಹತ್ತತಾವ."

ಇಬ್ಬರೂ ನಕ್ಕರು, ಅತ್ತರು, ಮತ್ತ ನಕ್ಕರು. ತಂಗಿ ಹೋಳಿಗಿ ನೀಡಿದಳು. ಹೊಸ್ತಿಲದ ಒಳಗ ಬಂದ ಅನ್ನ ನಮ್ಮ ಮನೀದೇ ಅಂತ ಅತ್ತಿ ಉಂಡಳು. ತಂಗಿಯೂ ಹಠ ಬಿಟ್ಟು, ಈ ಕಡಿ ಒಂದು ಕಾಲಿಟ್ಟು ನಮ್ಮ ಬಸ್ಸಿನ ಮನಿಯನ್ನ ಸವರಿಕೊಂತ ಒಳಗ ಬಂದಳು. ನಾವು ಹನ್ನೊಂದು ಮಂದಿ ಕಣ್ಣು ಒರೆಸಿಕೊಂಡಿವಿ. ಇಲ್ಲಿಗೆ ಮುಗೀತು ಅಂದುಕೊಂಡಿವಿ.

ಆಕಿ ಕೈ ಬೀಸೋಕಲ್ಲಿನ ಮ್ಯಾಲ ಬಿತ್ತು. ಅಂಚಿನಾಗ ಒಂದು ಚೂರು ಒಡದಿತ್ತು, ಅಲ್ಲೇ ಬೆರಳು ನಿಂತಿತು.

"ಇದು ನಮ್ಮವ್ವನ ಕಲ್ಲು! ನನಗ ಕೊಡತೀನಿ ಅಂದಿದ್ದಳು!"

"ನನಗ ಕೊಟ್ಟಾಳ!"

"ಕೊಟ್ಟಾಳೋ, ಹೊತಗೊಂಡು ಹೋಗೀಯೋ?"

ಶುರುವಾತು. ನಮ್ಮವ್ವ, ನಿಮ್ಮವ್ವ ಅಂತ ಒಬ್ಬಾಕಿ ಅವ್ವನನ್ನೇ ಇಬ್ಬರು ಹಂಚಿಕೊಂಡು ಬೈದಾಡಿದರು. ಕಡೀಕ ಅತ್ತಿ ಸೆರಗು ಬಿಗಿದು ಎದ್ದು ನಿಂತಳು. "ಸಾಬರ, ಮನಿ ತಗೀರಿ! ಇಲ್ಲಿ ಒಂದು ಗಳಿಗಿ ನಿಂದರಂಗಿಲ್ಲ!"

ಸಿಟ್ಟಿಗೆದ್ದು ಮನಿ ಬಿಟ್ಟು ಹೋದವರನ್ನ ನಾ ಭಾಳ ಮಂದಿ ಕಂಡೀನಿ. ಸಿಟ್ಟಿಗೆದ್ದು ಮನಿ ತಗೊಂಡು ಹೋದಾಕಿಯನ್ನ ಕಂಡದ್ದು ಅಂದೊಮ್ಮೆ.

೭. ಪಟ್ಟಿಯೊಳಗ ಇಲ್ಲದ್ದು

ಇದ್ದಿಲ ಗಾಡಿಯ ಮ್ಯಾಲ ಹತ್ತಿ ಸಿಟ್ಟು ಮಾಡಬಾರದು. ಬೆಂಕಿ ಹೊತ್ತಿ, ಗಾಳಿ ಊದಿ, ಇಂಜಿನ್ನು ಏಳೋದ್ರೊಳಗ ಅರ್ಧ ತಾಸು. ಅಷ್ಟೂ ಹೊತ್ತು ಅತ್ತಿ ಮುಂದಿನ ಮೂಲಿಯಾಗ ಗ್ವಾಡಿಗೆ ಮಾರಿ ಮಾಡಿಕೊಂಡು ಕುಂತಿದ್ದಳು, ತಂಗಿ ಕಲ್ಲಿನ ಮ್ಯಾಲ ಕುಂತಿದ್ದಳು. ಇಂಜಿನ್ನು ಎದ್ದಿತು.

"ಇಳಿಬೇ," ಅಂದಳು ಅತ್ತಿ, ಹೊಳ್ಳಿ ನೋಡದ.

"ಕಲ್ಲಾ ಬಿಟ್ಟು ಇಳಿಯಂಗಿಲ್ಲ."

"ಕಲ್ಲಾ ಕೊಡಂಗಿಲ್ಲ."

"ಹಂಗಾರ ನಡೀರಿ ಸಾಬರ!" ಅಂದಳು ತಂಗಿ.

ಸಾಬ ಇಬ್ಬರನ್ನೂ ನೋಡಿದ. ಅತ್ತಿ ಬ್ಯಾಡ ಅನ್ನಲಿಲ್ಲ. ತಂಗಿಯ ಮಗ ಕಟ್ಟಿ ಮ್ಯಾಲಿಂದ ಆಕಿಯ ಸೀರಿ ಗಂಟು ಒಳಗ ಎಸೆದು ಕೈ ಮುಗಿದ. ಅವನ ಮಾರಿಯಾಗ ಅಂಥಾ ದುಃಖವೇನೂ ನನಗ ಕಾಣಲಿಲ್ಲ.

ಬರೋ ದಾರಿಯುದ್ದಕ್ಕೂ ನಮ್ಮ ಬಾಗಿಲು ದಕ್ಷಿಣಕ್ಕೇ ಇತ್ತು. ಬಡಿಗ್ಯಾ ಉಳಿ ಸುತ್ತಿಗಿ ಹಿಡಕೊಂಡು ತಯಾರಾಗಿ ಕುಂತೇ ಇದ್ದ. ಯಾರೂ ಅವನ್ನ ಕೇಳಲಿಲ್ಲ. ಅಕ್ಕ ತಂಗಿಗೆ ದಿಕ್ಕು ನೋಡಾಕ ಪುರಸೊತ್ತು ಎಲ್ಲಿತ್ತು? ಅವ್ವನ ಬೋರಮಾಳ ಸರ, ತವರಿನ ಆಕಳು, ಯಾರದೋ ಮದುವಿಯಾಗ ಯಾರಿಗೋ ಉಡಿಸಿದ ಸೀರಿ, ಒಂದೊಂದೇ ಹೊರಗ ಬಂದವು. ಬೈಕೊಂತ ಬೈಕೊಂತಲೇ ಇಬ್ಬರೂ ಎದುರಾಬದುರಾ ಕುಂತು ಒಂದೇ ಗೂಟ ಹಿಡಿದು ಜೋಳ ಬೀಸಾಕ ಹತ್ತಿದರು. ಕಲ್ಲು ತಿರುಗಿದಂಗ ಬೈಗುಳ ಕಡಿಮಿಯಾದವು, ಹಿಟ್ಟು ಹೆಚ್ಚಾತು.

ನಾಕಾ ಬಂತು. ಮುನ್ಷಿಯವರು ಮೊದಲು ತಮ್ಮ ಬೂಟು ತಗೊಂಡರು. ಆಮ್ಯಾಲ ಪಟ್ಟಿ ಹಿಡಕೊಂಡು ಒಳಗ ಬಂದು ಬೆರಳು ಮಾಡಿ ಎಣಿಸಿದರು. ನೆಲುವು ಎರಡು, ಸರಿ. ಬೀಸೋಕಲ್ಲು ಒಂದು, ಸರಿ. ಹೊಸ್ತಿಲು ಒಂದು, ಸರಿ. ಮಂದಿ ಹತ್ತು, ಹನ್ನೊಂದು, ಹನ್ನೆರಡು. ಮತ್ತ ಎಣಿಸಿದರು. ಹನ್ನೆರಡೇ. ಕಲ್ಲಿನ ಮಗ್ಗಲಕ್ಕ ಮೈಯೆಲ್ಲಾ ಹಿಟ್ಟು ಬಡಕೊಂಡು ಕುಂತಿದ್ದ ತಂಗಿಯ ಕಡಿ ಬೆರಳು ಮಾಡಿ ಕೇಳಿದರು:

"ಹೋಗುವಾಗ ಇದು ಇದ್ದಿಲ್ಲ. ಏನಿದು ಹೊಸಾದು?"

ನಮ್ಮತ್ತಿ ತಂಗಿಯ ಮೂಗಿನ ಮ್ಯಾಲಿನ ಹಿಟ್ಟನ್ನ ಸೆರಗಿಲೆ ಒರೆಸಿ ಅಂದಳು:

"ಹೊಸಾದಲ್ಲ ಸಾಹೇಬ್ರ, ಹಳೇ ಸಾಮಾನು. ನಮ್ಮ ತವರುಮನೀದು."